ಮೆಥಡಿಸ್ಟ್ ‘ಕ್ಲಾಸ್’ ಮತ್ತು ಅದರ ನಾಯಕ

ವೆಸ್ಲಿಯನ್ ಮಿಷನ್ 19ನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನದಲ್ಲಿ ನೆಲೆಯೂರಿತು. ಆ ಪಂಥದ ದಾಖಲೆಗಳಲ್ಲಿ ಬರುವ ‘ಕ್ಲಾಸ್’, ‘ಕ್ಲಾಸ್ ಲೀಡರ್’ ಎಂಬ ಪದಗಳನ್ನು ಶಾಲೆಯ ತರಗತಿ, ಉಪಾಧ್ಯಾಯ ಎಂದು ಗ್ರಹಿಸಿದರೆ ಒಂದು ಮುಖ್ಯ ವ್ಯವಸ್ಥೆಯ ಚರಿತ್ರೆಯೇ ನಮ್ಮ ಕೈತಪ್ಪುತ್ತದೆ. ಇಂದಿನ ಕ್ರೈಸ್ತ ಆಪ್ತಸಲಹೆಯಲ್ಲಿ ಚರ್ಚಿತವಾಗುವ ಗುಂಪಿನ ಒಳಸಂಬಂಧ ಹಾಗೂ ನಾಯಕತ್ವದ ಪ್ರಶ್ನೆಗಳು 18ನೆಯ ಶತಮಾನದ ಇಂಗ್ಲೆಂಡಿನ ಈ ಕಿರುಗುಂಪುಗಳಲ್ಲಿಯೂ ತಲೆದೋರಿದ್ದವು.

ಜಾನ್ ವೆಸ್ಲಿ ಮೊದಲು ರೂಪಿಸಿದ್ದು ‘ಬ್ಯಾಂಡ್’ ಎಂಬ ಗುಂಪುಗಳನ್ನು. ಸ್ತ್ರೀಪುರುಷರಿಗೆ, ವಿವಾಹಿತ ಅವಿವಾಹಿತರಿಗೆ ಪ್ರತ್ಯೇಕ ಬ್ಯಾಂಡುಗಳಿದ್ದವು. 1738ರ ಡಿಸೆಂಬರಿನಲ್ಲಿ ಸಿದ್ಧವಾದ ನಿಯಮಾವಳಿಯಂತೆ, ಒಬ್ಬರು ಮೊದಲು ತಮ್ಮ ಆತ್ಮದ ಸ್ಥಿತಿಯನ್ನು ನಿವೇದಿಸಿ, ಅನಂತರ ಉಳಿದವರನ್ನು ಪ್ರಶ್ನಿಸಬೇಕಾಗಿತ್ತು. ಇಲ್ಲಿ ಪ್ರಶ್ನಿಸುವ ಅಧಿಕಾರವು ತನ್ನನ್ನು ತೆರೆದಿಡುವುದರಿಂದ ಪ್ರಾಪ್ತವಾಗುತ್ತಿತ್ತು.

ಕ್ಲಾಸಿನ ಮೂಲ ಬೇರೆ. 1742ರ ಫೆಬ್ರವರಿ 15ರಂದು ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾಗೃಹದ ಸಾಲ ತೀರಿಸುವ ಬಗ್ಗೆ ಸಭೆ ಸೇರಿತ್ತು. ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಬೇಕೆಂಬ ಸಲಹೆ ಬಂದಾಗ, ಬಡವರಿಗೆ ಅದು ಅಸಾಧ್ಯವೆಂಬ ಆಕ್ಷೇಪ ಎದ್ದಿತು. ಅತ್ಯಂತ ಬಡವರಾದ ಹನ್ನೊಂದು ಮಂದಿಯನ್ನು ತನಗೆ ಒಪ್ಪಿಸಿದರೆ, ಅವರಿಂದಾಗದುದನ್ನು ತಾನೇ ತುಂಬುವೆನೆಂದು ಸಲಹೆ ಕೊಟ್ಟವನೇ ಹೇಳಿದನು. ಹೀಗೆ ಹನ್ನೆರಡು ಜನರ ಗುಂಪು ಹುಟ್ಟಿತು. ಹಣಕ್ಕಾಗಿ ಮನೆಮನೆಗೆ ಹೋದವರಿಗೆ ಅಲ್ಲಿನ ಬಾಳಿನ ತೊಡಕುಗಳೂ ಕಂಡವು. ಇದನ್ನರಿತ ವೆಸ್ಲಿ, ವಸೂಲಿಯ ಏರ್ಪಾಟನ್ನೇ ಆತ್ಮಪೋಷಣೆಯ ಏರ್ಪಾಟನ್ನಾಗಿ ಮಾರ್ಪಡಿಸಿದರು.

ಆದರೆ ಮನೆಭೇಟಿಗೆ ಅಡಚಣೆಗಳಿದ್ದವು. ಅನೇಕರು ಪರರ ಮನೆಯಲ್ಲಿ ಸೇವಕರಾಗಿದ್ದರು. ಯಜಮಾನರು ಭೇಟಿಗೆ ಒಪ್ಪುತ್ತಿರಲಿಲ್ಲ, ಒಪ್ಪಿದರೂ ಏಕಾಂತಕ್ಕೆ ಎಡೆಯಿರಲಿಲ್ಲ. ಒಬ್ಬರ ಮೇಲೊಬ್ಬರು ಹೇಳಿದ ದೂರುಗಳೂ ಮುಖಾಮುಖಿಯಾಗದೆ ಬಗೆಹರಿಯುತ್ತಿರಲಿಲ್ಲ. ಆದಕಾರಣ ಎಲ್ಲರೂ ವಾರಕ್ಕೊಮ್ಮೆ ಒಂದೆಡೆ ಸೇರುವ ಪದ್ಧತಿ ಬಂದಿತು. ಗುಂಪು ಸೇರಿದ್ದು ಯಾವುದೋ ಸಿದ್ಧಾಂತದಿಂದಲ್ಲ, ಬಡವರ ವಾಸಸ್ಥಿತಿಯಿಂದ ಎಂಬುದು ಇಲ್ಲಿ ಗಮನಾರ್ಹ.

1743ರ ಸಾಮಾನ್ಯ ನಿಯಮಗಳು ನಾಯಕನಿಗೆ ಎರಡು ಹೊಣೆಗಳನ್ನು ವಿಧಿಸಿದವು. ಸದಸ್ಯರಿಗೆ ಬುದ್ಧಿವಾದ, ಸಾಂತ್ವನ ಹೇಳುವುದು ಒಂದು. ರೋಗಿಗಳ ಹಾಗೂ ಶಿಸ್ತು ಮೀರಿದವರ ವಿಷಯವನ್ನು ಧರ್ಮೋಪದೇಶಕರಿಗೆ ವರದಿ ಮಾಡುವುದು ಇನ್ನೊಂದು. ಸ್ತ್ರೀಯರೂ ಈ ಹೊಣೆ ಹೊತ್ತರೆಂಬುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಆದರೆ ನಾಯಕರನ್ನು ಗುಂಪು ಚುನಾಯಿಸುತ್ತಿರಲಿಲ್ಲ. ನೇಮಕ ಮೇಲಿನಿಂದ ಆಗುತ್ತಿತ್ತು.

ಈ ಇಬ್ಬಂದಿತನದ ಪರಿಣಾಮ ಬೇಗನೆ ಕಾಣಿಸಿತು. 1743ರ ಮಾರ್ಚ್‌ನಲ್ಲಿ ನ್ಯೂಕ್ಯಾಸಲ್ ಸಂಘದಿಂದ 64 ಮಂದಿ ಹೊರಹಾಕಲ್ಪಟ್ಟಿದ್ದ ವಿವರವನ್ನು ವೆಸ್ಲಿಯವರ ದಿನಚರಿ ಕೊಡುತ್ತದೆ. ಅವರಲ್ಲಿ 17 ಮಂದಿ ಕುಡುಕತನಕ್ಕಾಗಿ, ಒಬ್ಬ ಹೆಂಡತಿಯನ್ನು ಹೊಡೆದುದಕ್ಕಾಗಿ ಹೊರಬಿದ್ದರೆ, 29 ಮಂದಿಯ ಮೇಲಿದ್ದ ದೋಷವು ಲಘುತನ ಮತ್ತು ಅಲಕ್ಷ್ಯ ಮಾತ್ರ. ಇಷ್ಟು ಅಸ್ಪಷ್ಟವಾದ ದೋಷವೇ ಅತಿ ಹೆಚ್ಚು ಜನರನ್ನು ಹೊರದೂಡಿತೆಂಬುದು ಚಿಂತನೀಯ.

ಬ್ಯಾಂಡಿನಲ್ಲಿ ಕೇಳುವವನು ಮೊದಲು ತನ್ನನ್ನು ಒಪ್ಪಿಸಿಕೊಳ್ಳುತ್ತಿದ್ದನು. ಕ್ಲಾಸಿನಲ್ಲಿ ಕೇಳುವವನು ಮೇಲಿನವರಿಗೆ ಲೆಕ್ಕ ಒಪ್ಪಿಸುತ್ತಿದ್ದನು. ಆಲಿಸಿದುದನ್ನು ವರದಿ ಮಾಡಬೇಕಾದವನ ಮುಂದೆ ಮನಸ್ಸು ಎಷ್ಟು ತೆರೆದೀತು? ಮಿಷನ್ ದಾಖಲೆಗಳಲ್ಲಿ ‘ಕ್ಲಾಸ್ ಲೀಡರ್’ ಎದುರಾದಾಗಲೆಲ್ಲ ನಾವು ಈ ಪ್ರಶ್ನೆಯೊಡನೆ ಓದುವುದು ಅವಶ್ಯ.