ಯಾವ ಅಂಕ ಲೆಕ್ಕಕ್ಕೆ?

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆಲ್ಲ ಗೊತ್ತಿರುವ ಸಂಗತಿ: ಎಂಜಿನಿಯರಿಂಗ್ ಸೀಟಿಗೆ 600ರಲ್ಲಿ 300 ಅಂಕ ಮಾತ್ರ ಲೆಕ್ಕ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಕನ್ನಡದಲ್ಲಿ 98 ಬಂದರೂ ರ‍್ಯಾಂಕ್ ಒಂದು ಸ್ಥಾನವೂ ಮೇಲೇರುವುದಿಲ್ಲ. ಐಚ್ಛಿಕ ವಿಷಯಗಳನ್ನಷ್ಟೇ ಎಣಿಸುವ ಈ ಪದ್ಧತಿ ಹಳೆಯದು. ಆದರೆ ಆ ಅಂಕದ ಜೊತೆಗೆ ಇನ್ನೇನನ್ನು ಸೇರಿಸಬೇಕು ಎಂಬ ಜಗಳವೂ ಅಷ್ಟೇ ಹಳೆಯದು.

1963ಕ್ಕೆ ಹೋಗೋಣ. ಆಗ ಸಿಇಟಿ ಇರಲಿಲ್ಲ. ಮೈಸೂರು ರಾಜ್ಯ ಸರ್ಕಾರ ಎಂಜಿನಿಯರಿಂಗ್, ಮೆಡಿಕಲ್ ಸೀಟುಗಳಿಗೆ ಪಿಯುಸಿ ಐಚ್ಛಿಕ ವಿಷಯಗಳ ಅಂಕದ ಜೊತೆಗೆ ಸಂದರ್ಶನದ ಅಂಕವನ್ನೂ ಸೇರಿಸಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟು ಸಂದರ್ಶನಕ್ಕೆ. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟೋಟ, ಚರ್ಚಾಸ್ಪರ್ಧೆ, ನಾಟಕ ಎಲ್ಲವನ್ನೂ ಸಮಿತಿ ನೋಡಬೇಕಿತ್ತು. ಅದೇ ವರ್ಷ ಹಿಂದುಳಿದವರನ್ನು ಜಾತಿಯಿಂದಲ್ಲ, ಆದಾಯ ಮತ್ತು ಕಸುಬಿನಿಂದ ಗುರುತಿಸುವ ಆದೇಶವೂ ಬಂತು. ಕುಟುಂಬದ ವರ್ಷದ ಆದಾಯ 1,200 ರೂಪಾಯಿ ದಾಟಿರಬಾರದು. ಕಸುಬುಗಳ ಪಟ್ಟಿಯಲ್ಲಿ ಬೇಸಾಯವೂ ಇತ್ತು.

ಒಂದು ಕೈಯಲ್ಲಿ ಬೇಸಾಯಗಾರನ ಮಗನಿಗೆ ಬಾಗಿಲು ತೆರೆದು, ಇನ್ನೊಂದು ಕೈಯಲ್ಲಿ ಅವನ ವ್ಯಕ್ತಿತ್ವ ಅಳೆಯಲು ಕುಳಿತಂತಾಯಿತು. ಹಳ್ಳಿ ಶಾಲೆಯಲ್ಲಿ ಎನ್‌ಸಿಸಿ ಎಲ್ಲಿತ್ತು? ಆದರೆ ಕೋರ್ಟಿಗೆ ಹೋದವರ ದೂರು ಬೇರೆ ಇತ್ತು: ಪರೀಕ್ಷೆಯಲ್ಲಿ ತಮಗಿಂತ ಕಡಿಮೆ ತೆಗೆದವರಿಗೆ ಸಂದರ್ಶನದಿಂದಾಗಿ ಸೀಟು ಸಿಕ್ಕಿದೆ ಎಂದು. ಆ ವರ್ಷ ಸಮಿತಿ ಸಂದರ್ಶನ ನಡೆಸಿದ ರೀತಿಯನ್ನು ಹೈಕೋರ್ಟ್ ಒಪ್ಪಲಿಲ್ಲ, ಹೊಸದಾಗಿ ನಡೆಸಿ ಎಂದಿತು. ಚಿತ್ರಲೇಖಾ ಪ್ರಕರಣ ಎಂದೇ ಹೆಸರಾದ ಈ ವ್ಯಾಜ್ಯ ಸುಪ್ರೀಂ ಕೋರ್ಟ್ ಮುಟ್ಟಿ, 1964ರ ಜನವರಿಯಲ್ಲಿ ತೀರ್ಪು ಬಂತು. ಸಂದರ್ಶನದ ದುರುಪಯೋಗ ಆಗಬಹುದು, ಹಾಗೆಂದು ಆ ಪದ್ಧತಿಯೇ ಕಾನೂನುಬಾಹಿರವಲ್ಲ ಎಂಬುದು ಬಹುಮತದ ನಿಲುವು. ನ್ಯಾಯಮೂರ್ತಿ ಮುಧೋಳ್ಕರ್ ಒಬ್ಬರೇ ಭಿನ್ನ ತೀರ್ಪು ಕೊಟ್ಟರು. ನಮ್ಮ ಒಲವು ಅವರ ಕಡೆಗೇ.

ಮುಂದೆ ಕ್ಯಾಪಿಟೇಶನ್ ಹಾವಳಿ, ಅದನ್ನು ತಡೆಯಲು 1984ರ ಕಾಯ್ದೆ, 1993ರ ಉನ್ನಿಕೃಷ್ಣನ್ ತೀರ್ಪು, ಅದರ ಬೆನ್ನಿಗೇ 1994ರಿಂದ ಸಿಇಟಿ. ಎಂಜಿನಿಯರಿಂಗ್‌ಗೆ ಪಿಯುಸಿ ಅರ್ಧ, ಸಿಇಟಿ ಅರ್ಧ ಎಂಬ ಸೂತ್ರ ಎಷ್ಟು ರೂಢಿಯಾಯಿತೆಂದರೆ ಅದನ್ನು ಯಾರೂ ಪ್ರಶ್ನಿಸುತ್ತಲೇ ಇರಲಿಲ್ಲ. ಕೊರೊನಾ ಬರುವ ತನಕ.

2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿಯ ಶೇ. 45, ಪ್ರಥಮ ಪಿಯುಸಿಯ ಶೇ. 45, ಆಂತರಿಕ ಮೌಲ್ಯಮಾಪನದ ಶೇ. 10 ಕೂಡಿಸಿ ಫಲಿತಾಂಶ ಕೊಟ್ಟರು. ಎಲ್ಲರೂ ಪಾಸು. 600ಕ್ಕೆ 600 ಬಂದವರೇ 2,000ಕ್ಕೂ ಹೆಚ್ಚು. ಆ ವರ್ಷ ಸಿಇಟಿ ಅಂಕವನ್ನಷ್ಟೇ ನೋಡಿ ಸೀಟು ಹಂಚಿದ್ದರಿಂದ ತಕರಾರು ಏಳಲಿಲ್ಲ. 2022ರಲ್ಲಿ ಅರ್ಧ-ಅರ್ಧ ಸೂತ್ರ ಮರಳಿತು, ಆದರೆ ಹಿಂದಿನ ವರ್ಷ ಪಾಸಾಗಿ ಮತ್ತೆ ಸಿಇಟಿ ಬರೆದ ಸುಮಾರು 24,000 ಮಂದಿಯ ಪಿಯುಸಿ ಅಂಕವನ್ನು ಪರೀಕ್ಷಾ ಪ್ರಾಧಿಕಾರ ಪರಿಗಣಿಸಲೇ ಇಲ್ಲ. ಪರೀಕ್ಷೆ ಬರೆಯದೆ ಬಂದ ಅಂಕ ಅಂಕವಲ್ಲ ಎಂಬ ವಾದ. ಪರೀಕ್ಷೆ ರದ್ದು ಮಾಡಿದ್ದು ಮಕ್ಕಳಲ್ಲವಲ್ಲ!

ಸೆಪ್ಟೆಂಬರ್ 3ರಂದು ಹೈಕೋರ್ಟ್ ಏಕಸದಸ್ಯ ಪೀಠ ಮಕ್ಕಳ ಪರ ನಿಂತಿತು. ಸರ್ಕಾರ ಮೇಲ್ಮನವಿ ಹಾಕಿತು. ಕೊನೆಗೆ ಒಂದು ರಾಜಿ: 2021ರವರ ಅಂಕದಲ್ಲಿ ವಿಷಯಕ್ಕೆ ಸರಾಸರಿ ಆರು ಅಂಕ ಕಳೆದು, ಉಳಿದದ್ದನ್ನು ಲೆಕ್ಕಕ್ಕೆ ಹಿಡಿಯುವುದು. ವಿಭಾಗೀಯ ಪೀಠವೂ ಅದಕ್ಕೆ ಒಪ್ಪಿತು. ಕಷ್ಟಪಟ್ಟು ತೆಗೆದವನಿಗೂ ಸುಮ್ಮನೆ ಬಂದವನಿಗೂ ಒಂದೇ ಕತ್ತರಿ.

1963ರ ಸಂದರ್ಶನ ಇಂದು ಇಲ್ಲ. ಆದರೆ ಪುಸ್ತಕದ ಅಂಕದ ಪಕ್ಕದಲ್ಲಿ ಬೇರೆ ಬಗೆಯ ತಿಳಿವಳಿಕೆಗೆ ತೂಕ ಕೊಡುವ ಒಂದು ಕಡೆ ನಮಗೆ ಕಂಡಿದ್ದು ಬಿಎಸ್ಸಿ ಕೃಷಿಯ ರೈತ ಮಕ್ಕಳ ಕೋಟಾ. ಅಲ್ಲಿ ಪಿಯುಸಿಗೆ ಕಾಲು, ಸಿಇಟಿಗೆ ಕಾಲು, ಉಳಿದರ್ಧ ಪ್ರಾಯೋಗಿಕ ಪರೀಕ್ಷೆಗೆ. ಮೇಜಿನ ಮೇಲೆ ಬೀಜ, ಗೊಬ್ಬರ, ಸಲಕರಣೆ ಇಟ್ಟಿರುತ್ತಾರೆ. ಮಕ್ಕಳು ನೋಡಿ ಹೆಸರು ಹೇಳಬೇಕು.