ಅಪ್ಪನ ಬಾಕಿ, ಮಗನ ಜಮಾ

ಎರಡು ತಿಂಗಳ ಹಿಂದೆ ಹೈದರಾಬಾದಿನ ನಮ್ಮ ಮನೆಗೆ ಅಕ್ವೇರಿಯಂ ಬಂತು. ಅದೇ ದಿನ ಎರಡು ಗೋಲ್ಡ್‌ಫಿಶ್ ಬಿಟ್ಟೆ. ಐದನೇ ದಿನಕ್ಕೆ ಎರಡೂ ಮೇಲೆ ಬಂದು ಬಾಯಿ ಬಿಡತೊಡಗಿದವು. ನೀರು ನೋಡಿದರೆ ಕನ್ನಡಿಯಂತೆ ತಿಳಿ! ಕಾರಣ ಹುಡುಕುತ್ತಾ ಹೋದಾಗ ಇಂಗ್ಲೆಂಡಿನ ಅಪ್ಪ-ಮಗನ ಕಥೆ ಸಿಕ್ಕಿತು.

ಅಪ್ಪ ರಾಬರ್ಟ್ ವಾರಿಂಗ್ಟನ್, ರಸಾಯನಶಾಸ್ತ್ರಜ್ಞ. 1849ರಲ್ಲಿ ಲಂಡನ್ನಿನಲ್ಲಿ ಅವನೂ ಎರಡೇ ಗೋಲ್ಡ್‌ಫಿಶ್ ಬಿಟ್ಟ. ಆಮ್ಲಜನಕಕ್ಕೆ ನೀರುಗಿಡ, ಕೊಳೆತ ಎಲೆ ತಿನ್ನಲು ಬಸವನಹುಳು. ಲೆಕ್ಕ ತಾಳೆಯಾಯಿತೆಂದು 1850ರಲ್ಲಿ ಕೆಮಿಕಲ್ ಸೊಸೈಟಿಗೆ ತಿಳಿಸಿದ. ಆದರೆ ಮೀನಿನ ಹೊಲಸಿನ ಅಮೋನಿಯಾ ಏನಾಗುತ್ತದೆಂಬ ಪೂರ್ತಿ ಲೆಕ್ಕ ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ.

1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಜ್ ಚರಂಡಿ ನೀರನ್ನು ಮರಳಿನಲ್ಲಿ ಸೋಸಿ, ಅಮೋನಿಯಾವನ್ನು ನೈಟ್ರೇಟ್ ಮಾಡುವುದು ಜೀವಾಣುಗಳೇ ಎಂದು ತೋರಿಸಿದರು. ಅದೇ ಹೆಸರಿನ ಮಗ ವಾರಿಂಗ್ಟನ್ ರೋಥಮ್‌ಸ್ಟೆಡ್‌ನಲ್ಲಿ ಹೊಲದ ಮಣ್ಣು ಪರೀಕ್ಷಿಸುತ್ತಾ ಇನ್ನೊಂದು ಹೆಜ್ಜೆ ಮುಂದೆ ಹೋದ. ಒಂದು ಜೀವಾಣು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ವಿಷ. ಅಪ್ಪನ ತೊಟ್ಟಿಯಲ್ಲಿ ಉಳಿದಿದ್ದ ಬಾಕಿಗೆ ಉತ್ತರ ಸಿಕ್ಕಿದ್ದು ಮಗನ ಮಣ್ಣಿನಲ್ಲಿ!

ಹೊಸ ತೊಟ್ಟಿಯಲ್ಲಿ ಈ ಜೀವಾಣುಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಾನು ಒಂದು ದಿನವೂ ಕಾದಿರಲಿಲ್ಲ. ಆಮೇಲೆ ದಿನಾ ಕಾಲು ಭಾಗ ನೀರು ಬದಲಿಸಿದೆ, ಕ್ಲೋರಿನ್ ತೆಗೆದೇ ಹಾಕಿದೆ. ಊಟ ಅರ್ಧ ಮಾಡಿದೆ. ಜೀವಾಣುಗಳ ಮನೆಯಾದ ಸ್ಪಂಜನ್ನು ನಲ್ಲಿಯಡಿ ಹಿಡಿಯಲಿಲ್ಲ. ಒಂದು ಮೀನು ಹೋಯಿತು, ಒಂದು ಉಳಿಯಿತು.

ಹೊಸ ನೀರು ಒಗ್ಗಲು ಕಾಲ ಬೇಕೆಂದು ಊರು ಬಿಟ್ಟು ಬಂದ ನಮಗೆ ಗೊತ್ತಿರಬೇಕಿತ್ತು, ಅಲ್ಲವೇ?