ಬೀಜಾಣುಗಳೂ ಕ್ರಿಮಿನಾಶಕ ದ್ರವಗಳೂ

ಕಾಳಿನದಿಯ ಉತ್ತರಕ್ಕೆ, ಗೋವೆಯ ಗಡಿಗೆ ತಾಗಿಕೊಂಡಿರುವ ಗ್ರಾಮ ಮಾಜಾಳಿ. ಅಲ್ಲಿನ ಗದ್ದೆಯ ಮಣ್ಣಿನಲ್ಲಾಗಲಿ, ನಮ್ಮ ನಗರದ ಬೀದಿಯ ಧೂಳಿನಲ್ಲಾಗಲಿ ಧನುರ್ವಾಯುವಿನ ಬೀಜಾಣುಗಳು ಇರಬಹುದು. ಗಟ್ಟಿಯಾದ ಕವಚವನ್ನು ತೊಟ್ಟು ಅವು ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಅವನ್ನು ಕೊಲ್ಲಬಲ್ಲ ದ್ರವ ಯಾವುದು? ಈ ಪ್ರಶ್ನೆಯ ಚರಿತ್ರೆಯನ್ನು ಈ ದಿನ ನಾವು ವಿಚಾರಿಸೋಣ.

1881ರಲ್ಲಿ ಜರ್ಮನಿಯ ರಾಬರ್ಟ್ ಕೋಖ್ ಅವರು ದನಗಳ ನೆರಡಿ ರೋಗದ ಬೀಜಾಣುಗಳನ್ನು ರೇಷ್ಮೆಯ ಎಳೆಗಳ ಮೇಲೆ ಒಣಗಿಸಿ, ನಾನಾ ದ್ರವಗಳಲ್ಲಿ ಅದ್ದಿ ಪರೀಕ್ಷಿಸಿದರು. ಶಸ್ತ್ರವೈದ್ಯರು ನೆಚ್ಚಿದ್ದ ಕಾರ್ಬಾಲಿಕ್ ಆಮ್ಲಕ್ಕೆ, ನೂರಕ್ಕೆ 5ರಷ್ಟು ತೀಕ್ಷ್ಣವಾಗಿದ್ದರೂ, ದಿನಗಟ್ಟಲೆ ಕಾಲ ಬೇಕಾಯಿತು. ಎಣ್ಣೆಯಲ್ಲಿ ಕರಗಿಸಿದಾಗಲಂತೂ ಅದು ನಿಷ್ಫಲವಾಯಿತು. ಸಾವಿರಕ್ಕೊಂದರಷ್ಟು ಪಾದರಸದ ಕ್ಲೋರೈಡಾದರೋ ನಿಮಿಷಗಳಲ್ಲಿಯೇ ಗೆದ್ದಿತೆಂದು ತೋರಿತು.

ಆದರೆ ಆ ಗೆಲುವು ನಿಲ್ಲಲಿಲ್ಲ. 1889ರಲ್ಲಿ ಗೆಪ್ಪರ್ಟ್ ಎಂಬ ವಿಜ್ಞಾನಿಯು ಬೀಜಾಣುಗಳಿಗೆ ಅಂಟಿದ್ದ ಪಾದರಸವನ್ನು ಅಮೋನಿಯಂ ಸಲ್ಫೈಡಿನಿಂದ ತೆಗೆದುಹಾಕಿದಾಗ, ಸತ್ತವೆಂದುಕೊಂಡಿದ್ದವು ಮತ್ತೆ ಮೊಳೆತವು! ವಿಷವು ಅವನ್ನು ಕೊಂದಿರಲಿಲ್ಲ. ಮೊಳೆಯದಂತೆ ತಡೆದಿತ್ತು, ಅಷ್ಟೆ.

ತಡೆಯುವುದಕ್ಕೂ ಕೊಲ್ಲುವುದಕ್ಕೂ ಇರುವ ಈ ಭೇದ ನಮ್ಮ ದೇಶದಲ್ಲಿಯೂ ವಿವಾದಕ್ಕೆ ಬಂದಿತು. ಮಾಜಾಳಿಯ ಜಿಲ್ಲೆಯಾದ ಉತ್ತರ ಕನ್ನಡವು 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ತಲೆದೋರಲು, ಹಾಫ್ಕಿನ್ ಅವರು ಅಲ್ಲಿ ಲಸಿಕೆಯನ್ನು ಸಿದ್ಧಪಡಿಸಿದರು. 1898ರಲ್ಲಿ ಹುಬ್ಬಳ್ಳಿಯ ಸಾವಿರಾರು ಜನರು ಅದನ್ನು ಹಾಕಿಸಿಕೊಂಡರು. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಒಂದೇ ಸೀಸೆಯ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಮಡಿದರು. ಲಸಿಕೆಗೆ ಕಾರ್ಬಾಲಿಕ್ ಬೆರೆಸದೆ ಬಿಟ್ಟುದು ದೊಡ್ಡ ತಪ್ಪೆಂದು ತನಿಖಾ ಮಂಡಲಿಯು ದೂರಿತು. ಆದರೆ ಲಸಿಕೆಗೆ ಬೆರೆಸುವ ಅಲ್ಪ ಪ್ರಮಾಣದ ಕಾರ್ಬಾಲಿಕ್ ಬೀಜಾಣುಗಳನ್ನು ಕೊಲ್ಲಲಾರದೆಂಬುದನ್ನು ಕೋಖರ ಪ್ರಯೋಗಗಳು ಮೊದಲೇ ಸಾರಿದ್ದವು. ಸೀಸೆಯನ್ನು ತೆರೆಯುವಾಗ ಇಕ್ಕಳವು ನೆಲಕ್ಕೆ ಬಿದ್ದಿತ್ತೆಂಬುದೂ ತಿಳಿದುಬಂದಿತು. 1907ರಲ್ಲಿ ಹಾಫ್ಕಿನ್ ಅವರು ದೋಷಮುಕ್ತರಾದರು.

ಇಂದು ನಮ್ಮಲ್ಲಿ ಬಲವಾದ ದ್ರವಗಳಿವೆ. ಆದರೂ ನೂರಕ್ಕೆ 2ರ ಗ್ಲುಟರಾಲ್ಡಿಹೈಡ್ ಸಾಮಾನ್ಯ ಬ್ಯಾಕ್ಟೀರಿಯಾಗಳನ್ನು ನಿಮಿಷಗಳಲ್ಲಿ ಕೊಂದರೆ, ಬೀಜಾಣುಗಳಿಗೆ ಸುಮಾರು 10 ಗಂಟೆ ಕೇಳುತ್ತದೆ. ಮದ್ಯಸಾರವೂ ಮನೆಯ ಫಿನೈಲೂ ಈ ಕೆಲಸಕ್ಕೆ ಸಾಲವು. ವಾಸನೆಯ ತೀಕ್ಷ್ಣತೆ ಶುದ್ಧಿಗೆ ಪ್ರಮಾಣವಲ್ಲ. ದ್ರವವನ್ನು ತೊಳೆದು ತೆಗೆದ ಮೇಲೂ ಮೊಳೆಯದಿದ್ದರೆ ಮಾತ್ರ ಬೀಜಾಣು ಸತ್ತಿತೆಂದು ನಾವು ನಂಬಬಹುದು.